ನಮ್ಮೂರಿಗೆ ವಿಪತ್ತಿನ ಅನುದಾನ ಬಂತು

ಪಂಚಾಯಿತಿ ನೌಕರಿಯಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ಆದರೆ ಅವು ನಡೆಯುವಾಗ ಎದೆ ಹೊಡೆದುಕೊಳ್ಳುತ್ತದೆಯೇ ಹೊರತು ನಗು ಬರುವುದಿಲ್ಲ. ನಗು ಬರುವುದು ಬೇರೆ ಊರಿಗೆ ವರ್ಗವಾದ ಮೇಲೆ.

ಕಾರವಾರ ಮತ್ತು ಅಂಕೋಲೆಯ ನಡುವೆ ಕಡಲ ದಂಡೆಯ ಒಂದು ಊರಿನಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ಎಲ್ಲರೂ ಟೀವಿಯಲ್ಲಿ ಸುನಾಮಿ ನೋಡಿ ಹೆದರಿದ ಮರುವರ್ಷ. ಕಡಲು ಉಕ್ಕಿದರೆ, ಗುಡ್ಡ ಕುಸಿದರೆ ಜನ ತಾವೇ ಪಾರಾಗಲು ಕಲಿಯಲಿ ಎಂದು ಸರ್ಕಾರ ನಮ್ಮೂರಿಗೆ ಒಂದು ಅನುದಾನ ಕೊಟ್ಟಿತು. ಅದಕ್ಕೊಂದು ವಿಪತ್ತು ಸಮಿತಿ ಆಯಿತು. ದೋಣಿಯವರ ಹಿರಿಯರಾದ ತಾಂಡೇಲರು ಅಧ್ಯಕ್ಷರು, ಶಾಲೆಯಲ್ಲಿ ಕಲಿಸುವ ಅಕ್ಕೋರು ಸದಸ್ಯೆ, ನಾನು ಕಾರ್ಯದರ್ಶಿ. ನಾನು ಶೆಟಗೇರಿಯವನು, ಗದ್ದೆಯಲ್ಲಿ ಬೆಳೆದವನು. ಈಜು ಬರುವುದಿಲ್ಲ. ತೆರೆಯ ಸಪ್ಪಳ ಜೋರಾದರೆ ಕಚೇರಿಯ ಕುರ್ಚಿಯಲ್ಲಿ ಕೂತಲ್ಲೇ ಕಾಲು ಮೇಲೆತ್ತಿಕೊಳ್ಳುತ್ತಿದ್ದೆ.

೧. ಕೆಂಪು ಗೆರೆ

ಮೊದಲ ಕೆಲಸ ಊರಿನ ಅಪಾಯದ ನಕ್ಷೆ. ಅದನ್ನು ಜನರೇ ಸೇರಿ ಬಿಡಿಸಬೇಕೆಂದು ಆದೇಶ. ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ರಸ್ತೆ, ಹಳ್ಳ, ಮನೆಗಳನ್ನೆಲ್ಲ ಬರೆದೆವು. ಅಪಾಯದ ಜಾಗದ ಸುತ್ತ ಕೆಂಪು ಗೆರೆ ಎಳೆಯಬೇಕು. ಗೆರೆಯೊಳಗಿನ ಮನೆಗಳಿಗೆ ಮೊದಲು ಸಹಾಯ ಸಿಗುತ್ತದೆ ಎಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ.

ಕಡಲಿನಿಂದ ಒಂದು ಮೈಲು ಆಚೆಗಿದ್ದವರು ಬಂದು, ತಮ್ಮ ಬಾವಿಯ ನೀರು ಈಗಲೇ ಉಪ್ಪು ಎಂದರು. ಗುಡ್ಡದ ನೆತ್ತಿಯ ಮೇಲಿನ ಮನೆಯವರು, ಗುಡ್ಡ ಕುಸಿದರೆ ಎಲ್ಲರಿಗಿಂತ ಎತ್ತರದಿಂದ ಬೀಳುವವರು ತಾವೇ ಎಂದರು. ಮಧ್ಯಾಹ್ನದ ಹೊತ್ತಿಗೆ ಇಡೀ ಊರು ಕೆಂಪಾಯಿತು. ಇಷ್ಟು ಅಪಾಯದ ಊರಿನಲ್ಲಿ ನೌಕರಿ ಮಾಡುತ್ತಿದ್ದೇನೆಂದು ತಿಳಿದು ನನಗೆ ಊಟ ಸೇರಲಿಲ್ಲ.

ಊಟದ ನಂತರ ಯಾರೋ ಸುದ್ದಿ ತಂದರು, ಕೆಂಪಿನೊಳಗೆ ಬಿದ್ದ ಮನೆಗಳನ್ನು ಸರ್ಕಾರ ಎಬ್ಬಿಸುತ್ತದಂತೆ. ನಮ್ಮ ಕಡೆ ಒಮ್ಮೆ ನೌಕಾನೆಲೆಗಾಗಿ ಮನೆ ಬಿಟ್ಟೆದ್ದವರು ಪರಿಹಾರಕ್ಕೆ ಅಲೆದ ಕತೆ ಎಲ್ಲರಿಗೂ ಗೊತ್ತು. ಹಾಗಲ್ಲ ಎಂದು ನಾನು ಹೇಳಿ ಮುಗಿಸುವುದರೊಳಗೆ ಒಬ್ಬೊಬ್ಬರೇ ಬಂದು ತಮ್ಮ ಮನೆಯ ಮುಂದಿನ ಗೆರೆಯನ್ನು ಕಾಲಿನಿಂದ ಒರೆಸಿಕೊಂಡು ಹೋದರು. ಸಂಜೆ ನಕ್ಷೆಯನ್ನು ಕಾಗದಕ್ಕೆ ಇಳಿಸುವಾಗ ಕೆಂಪಿನೊಳಗೆ ಉಳಿದದ್ದು ಪಂಚಾಯಿತಿ ಕಚೇರಿ ಒಂದೇ. ಅದು ಹೋದರೆ ಯಾರ ಅಭ್ಯಂತರವೂ ಇರಲಿಲ್ಲ.

೨. ಹೊಸ ಜಾಕೆಟ್

ಆಮೇಲೆ ದೋಣಿಯವರಿಗೆ ಕೇಸರಿ ಬಣ್ಣದ ಲೈಫ್ ಜಾಕೆಟ್ ಬಂದವು. ನೀರಿಗೆ ಬಿದ್ದರೂ ಮುಳುಗದ ಹಾಗೆ ತೇಲಿಸುವ ಅಂಗಿ ಅದು. ಹಂಚಿದ ದಿನ ನನಗೆ ಎಷ್ಟೋ ನಿರಾಳವಾಯಿತು. ಮರುದಿನ ದಂಡೆಗೆ ಹೋಗಿ ನೋಡಿದರೆ, ಹೊರಟ ದೋಣಿಗಳಲ್ಲಿ ಒಬ್ಬರ ಮೈಮೇಲೂ ಕೇಸರಿ ಇಲ್ಲ. ಅದರ ಮರುದಿನವೂ ಇಲ್ಲ. ಗಾಳಿ ಬೀಸಿದಾಗಲೆಲ್ಲ ನಾನು ದಂಡೆಗೆ ಹೋಗಿ ಮರಳಿದ ದೋಣಿಗಳನ್ನು ಎಣಿಸತೊಡಗಿದೆ.

ತಾಲ್ಲೂಕಿನಿಂದ ಸಾಹೇಬರು ತಪಾಸಣೆಗೆ ಬಂದಾಗ ನೇರ ತಾಂಡೇಲರ ಮನೆಗೇ ಕರೆದುಕೊಂಡು ಹೋದೆ. ತಾಂಡೇಲರು ಕಪಾಟು ತೆರೆದು, ಹೆಂಡತಿಯ ರೇಷ್ಮೆ ಸೀರೆಯ ಕೆಳಗಿನಿಂದ ಜಾಕೆಟ್ಟನ್ನು ಜೋಪಾನವಾಗಿ ತೆಗೆದು ತೋರಿಸಿದರು. ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚಿರಲಿಲ್ಲ. ಕಡಲಿಗೆ ಹೋಗುವಾಗ ಯಾಕೆ ಹಾಕುವುದಿಲ್ಲ ಎಂದು ಸಾಹೇಬರು ಸ್ವಲ್ಪ ಗಡುಸಾಗಿಯೇ ಕೇಳಿದರು.

ತಾಂಡೇಲರು ಹೇಳಿದರು: “ಸರ್ಕಾರ ಪ್ರೀತಿಯಿಂದ ಕೊಟ್ಟದ್ದು, ಸಾಹೇಬ್ರೆ. ಉಪ್ಪುನೀರು ತಾಗಿದ್ರೆ ಹಾಳಾಗೂದಿಲ್ವಾ?”

೩. ಗಾಯಾಳು

ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಸಾಗಿಸುವ ತರಬೇತಿಗೆ ಒಬ್ಬ ಗಾಯಾಳು ಬೇಕಿತ್ತು. ಬಸ್‌ಸ್ಟ್ಯಾಂಡಿನ ಎದುರು ಚಹಾ ಹೋಟೆಲ್ ಇಟ್ಟವರು ಒಪ್ಪಿದರು. ಅವರದು ಭಾರೀ ಮೈ. ಮಲಗಿ ವಿಶ್ರಾಂತಿ ಸಿಗುತ್ತದಲ್ಲ ಎಂದು ಒಪ್ಪಿದ್ದು. ತಲೆಗೆ ಪಟ್ಟಿ ಕಟ್ಟಿ ಕುಂಕುಮದ ನೀರು ಚಿಮುಕಿಸಿ, ಆರು ಜನ ಎತ್ತಿಕೊಂಡು ಹೆದ್ದಾರಿ ದಾಟಿದರು. ಅಷ್ಟರಲ್ಲಿ ಕಾರವಾರದ ಬಸ್ಸು ಬಂದು ನಿಂತಿತು. ಗಾಯಾಳು ಆಗಲೇ ನಿಜವಾಗಿ ನಿದ್ದೆ ಹೋಗಿದ್ದರು. ಬಸ್ಸಿನಲ್ಲಿ ಅವರ ಹೆಂಡತಿಯ ತವರಾದ ಚಿತ್ತಾಕುಲದವರೊಬ್ಬರು ಇದ್ದರು. ಕಿಟಕಿಯಿಂದ ನೋಡಿ ಕೈಮುಗಿದದ್ದು ನನಗೂ ಕಂಡಿತ್ತು. ಸಮಿತಿಯ ಕೆಲಸ ಮೆಚ್ಚಿ ಮುಗಿದರು ಎಂದುಕೊಂಡೆ.

ಎರಡು ತಾಸಿನಲ್ಲಿ ಒಂದು ಟೆಂಪೋ ತುಂಬ ನೆಂಟರು ಬಂದಿಳಿದರು. ಅಳುತ್ತ ಹೋಟೆಲಿನೊಳಗೆ ಹೋದರೆ ಅಳಿಯ ಬಜ್ಜಿ ಕರಿಯುತ್ತ ನಿಂತಿದ್ದಾರೆ. ಅತ್ತೆ ಅಲ್ಲೇ ಬೆಂಚಿನ ಮೇಲೆ ಕುಸಿದರು. ತರಬೇತಿಯಲ್ಲಿ ನಿಜವಾಗಿಯೇ ಒಬ್ಬರು ಹೋದರೆ ವರದಿ ಏನೆಂದು ಬರೆಯಲಿ? ಪುಣ್ಯಕ್ಕೆ ಅವರು ನೀರು ಕುಡಿದು ಸುಧಾರಿಸಿಕೊಂಡರು. ನಾನು ಮಾವನವರ ಬಳಿ ಹೋಗಿ ಕೈಮುಗಿದು ತಪ್ಪಾಯಿತೆಂದೆ.

ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು: “ಬದುಕಿದ್ದು ಸಂತೋಷವೇ. ಆದ್ರೆ ದಾರಿಯುದ್ದಕ್ಕೂ ಅಳಿಯನ ಬಗ್ಗೆ ಅಷ್ಟೊಂದು ಒಳ್ಳೇ ಮಾತಾಡ್ಬಿಟ್ಟೆವಲ್ಲ, ಅದನ್ನ ಈಗ ಏನು ಮಾಡೂದು?”

೪. ಸೈರನ್

ಕೊನೆಗೆ ಕಚೇರಿಯ ಮಾಡಿನ ಮೇಲೆ ಸೈರನ್ ಕೂತಿತು. ಅದು ಕೂಗಿದರೆ ಎಲ್ಲರೂ ಗುಡ್ಡದ ಮೇಲಿನ ಶಾಲೆಗೆ ಹೋಗಬೇಕು. ಪರೀಕ್ಷೆಯ ದಿನ ಸಾಹೇಬರು ಗಡಿಯಾರ ಹಿಡಿದು ಶಾಲೆಯ ಅಂಗಳದಲ್ಲಿ ನಿಂತರು. ನಾನು ಗುಂಡಿ ಒತ್ತಿ, ಗುಡ್ಡ ಹತ್ತಿ ಅವರ ಪಕ್ಕ ನಿಂತೆ. ಮೇಲಿನಿಂದ ನೋಡುತ್ತೇನೆ, ಊರಿನ ಗಂಡಸರೆಲ್ಲ ಕಡಲಿನ ಕಡೆಗೇ ಓಡುತ್ತಿದ್ದಾರೆ. ಅವರನ್ನು ಕರೆಯಲು ಹೆಂಗಸರು ಹಿಂದೆ ಓಡುತ್ತಿದ್ದಾರೆ. ಕೈಗಾ ಅಣುಸ್ಥಾವರದ ಬಸ್ಸು ಓಡಿಸಿ ನಿವೃತ್ತರಾದ ಒಬ್ಬರು, ಇದು ಅಲ್ಲಿಯದೇ ಸೂಚನೆ ಎಂದು ತಿಳಿದು, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಒಳಗೆ ಕೂತಿದ್ದರಂತೆ. ಗುಡ್ಡಕ್ಕೆ ಒಬ್ಬರೂ ಬರಲಿಲ್ಲ.

ಸಾಹೇಬರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರು ತಾಂಡೇಲರನ್ನು ಕರೆಸಿ ಇದೇನೆಂದು ಕೇಳಿದರು.

“ಕಡ್ಲು ಉಕ್ಕಿ ಬರ್ತದೆ ಅಂತ ಕೂಗಿಸಿದ್ದು ನೀವೇ ಅಲ್ವಾ? ದೋಣಿ ಇರೂದು ಅಲ್ಲಿ. ಮತ್ತೆ ಎಲ್ಲಿಗೆ ಓಡೂದು?” ಎಂದರು ತಾಂಡೇಲರು. ಸಾಹೇಬರು ಗಡಿಯಾರ ನೋಡಿ, ಓಡಿದ ವೇಗಕ್ಕೆ ಮಾತ್ರ ‘ಉತ್ತಮ’ ಎಂದು ಬರೆದುಕೊಂಡು ಹೋದರು.

೫. ತಲೆ ಎಣಿಕೆ

ಆ ವರ್ಷದ ಆಷಾಢದಲ್ಲಿ ಕಡಲು ನಿಜವಾಗಿಯೂ ಬಂತು. ಅಮಾವಾಸ್ಯೆಯ ಭರತಿಗೆ ನೀರು ಉಬ್ಬಿತ್ತು, ಮೇಲಿಂದ ಬಿಡದ ಮಳೆ. ಮಧ್ಯಾಹ್ನ ತಾಲ್ಲೂಕಿನಿಂದ ಫೋನು ಬಂತು, ತೆರೆ ದೊಡ್ಡದಾಗುತ್ತಿದೆ, ತಕ್ಷಣ ಸೈರನ್ ಹಾಕಿ ಎಂದು. ಗುಂಡಿ ಒತ್ತಿದೆ. ಕೂಗಲಿಲ್ಲ. ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ.

ಛತ್ರಿ ಬಿಸಾಡಿ ದಂಡೆಯ ಕೇರಿಗೆ ಓಡಿದೆ. ಮೊದಲ ಮನೆಯ ಬಾಗಿಲು ಬಡಿದೆ, ಯಾರೂ ಓಗೊಡಲಿಲ್ಲ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಕೋಳಿಯ ಸದ್ದೂ ಇಲ್ಲ. ಎಲ್ಲರನ್ನೂ ಕಡಲು ಕೊಂಡೊಯ್ಯಿತೇ? ನಾನು ಮನೆಯಿಂದ ಮನೆಗೆ ಕೂಗುತ್ತ ಹೋದೆ. ಕೊನೆಯ ಮನೆಯ ಹತ್ತಿರ ಬರುವಾಗ ನೀರು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಒಂದು ತೆಂಗಿನ ಮರ ತಬ್ಬಿ, ಕಣ್ಣುಮುಚ್ಚಿ, ಶೆಟಗೇರಿಯಲ್ಲಿದ್ದ ಅಮ್ಮನನ್ನು ನೆನೆದೆ.

ಕಣ್ಣು ತೆರೆದಾಗ ತಾಂಡೇಲರು ಮತ್ತಿಬ್ಬರು ಹಗ್ಗ ಹಿಡಿದು ನೀರಲ್ಲಿ ಬರುತ್ತಿದ್ದರು. ನನ್ನನ್ನು ಬೆನ್ನಮೇಲೆ ಹೊತ್ತು ಗುಡ್ಡ ಹತ್ತಿಸಿದರು. ಶಾಲೆಯಲ್ಲಿ ಇಡೀ ಊರು ಕೂತಿತ್ತು, ಅಕ್ಕಿ, ಬಲೆ, ಕೋಳಿ ಸಮೇತ. ಬೆಳಿಗ್ಗೆಯೇ ನೀರಿನ ಬಣ್ಣ ನೋಡಿ ತಾಂಡೇಲರ ಹೆಂಡತಿ ಎಲ್ಲರನ್ನೂ ಎಬ್ಬಿಸಿ ಕರೆತಂದಿದ್ದರಂತೆ. ಒಬ್ಬರಿಗೂ ಒಂದು ಗೀರು ಗಾಯ ಆಗಿರಲಿಲ್ಲ. ನನಗೆ ಅಳು ಬಂತು. ನನಗೊಬ್ಬನಿಗೆ ಯಾಕೆ ಹೇಳಲಿಲ್ಲ ಎಂದು ನಡುಗುತ್ತ ಕೇಳಿದೆ.

ತಾಂಡೇಲರ ಹೆಂಡತಿ ನನ್ನ ಕೈಗೆ ಬಿಸಿ ಗಂಜಿ ಕೊಟ್ಟು ಹೇಳಿದರು: “ಸೈರನ್ ಇರೂದು ನಿಮ್ಮ ತಲೆ ಮೇಲೇ ಅಲ್ವಾ. ನಿಮಗೆ ಮೊದ್ಲೇ ಗೊತ್ತಿರ್ತದೆ ಅಂದ್ಕಂಡೆವು.”

ಆ ಹೊತ್ತಿಗೆ ಅಕ್ಕೋರ ಮೊಬೈಲಿಗೆ ತಾಲ್ಲೂಕಿನಿಂದ ಕರೆ ಬಂತು. ಅವರು ಹಾಜರಿ ಪುಸ್ತಕ ಬಿಡಿಸಿ ಸಾವಕಾಶವಾಗಿ ವರದಿ ಒಪ್ಪಿಸಿದರು: “ಊರಿನವರೆಲ್ಲ ಕ್ಷೇಮ, ಸರ್. ಕಾಣೆಯಾಗಿದ್ದವರು ಒಬ್ಬರು. ಅವರೂ ಈಗ ಸಿಕ್ಕಿದ್ದಾರೆ. ಹೆಸರು ಬರೆಯುವುದು ಚೆಂದ ಅಲ್ಲ, ಸರ್. ಹುದ್ದೆ ಬರ್ಕೊಳ್ಳಿ. ಕಾರ್ಯದರ್ಶಿ, ವಿಪತ್ತು ಸಮಿತಿ.”