ಬರೇ ಹೂಂ ಅಂತೈತಿ, ತಿರುಗಂಗಿಲ್ಲ

ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ, ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕುರ್ಚಿ. ಆ ಕುರ್ಚಿಯಿಂದ ಏಳದೆ ನಾಲ್ಕು ತಾಲೂಕು ಆಳಿಯೇ ಸೈ ಎಂದು ನಾನು ಪಣ ತೊಟ್ಟಿದ್ದೆ! ಇದು ಚುನಾವಣೆಯ ಮಾತಲ್ಲ, ಹಿಟ್ಟಿನ ಮಾತು. ಮನೆಯಲ್ಲೇ ಜೋಳ ಬೀಸಿಕೊಳ್ಳುವ ಕರೆಂಟಿನ ಪುಟ್ಟ ಗಿರಣಿ ಮಾಡುವ ಕಂಪನಿಯೊಂದರಲ್ಲಿ ನಾನು ದೂರು ವಿಭಾಗದ ಮುಖ್ಯಸ್ಥ. ಗಿರಣಿ ಕೆಟ್ಟರೆ ಗಿರಾಕಿಗಳು ಫೋನ್ ಮಾಡುತ್ತಾರೆ, ನಾವು ಪರಿಹಾರ ಹೇಳುತ್ತೇವೆ. ಇದಕ್ಕಾಗಿ ಮೊದಲು ವಿಜಯಪುರದಲ್ಲಿ ಒಂದು ಆಫೀಸಿತ್ತು. "ಆಫೀಸು ಯಾಕ್ ಬೇಕ್ರಿ? ಎಲ್ಲಾ ಕ್ಲೌಡಿಗೆ ಹಾಕೂಣು!" ಎಂದು ಮಾಲೀಕರ ತಲೆಗೆ ತುಂಬಿ ಅದಕ್ಕೆ ಬೀಗ ಹಾಕಿಸಿದ ಪುಣ್ಯಾತ್ಮ ನಾನೇ.

ಈಗ ಇಂಡಿಯಲ್ಲಿ ನಸ್ರೀನ, ಮುದ್ದೇಬಿಹಾಳದಲ್ಲಿ ಭೀಮಶ್ಯಾ, ಬಸವನ ಬಾಗೇವಾಡಿಯಲ್ಲಿ ಯುವರಾಜ, ಸಿಂದಗಿಯಲ್ಲಿ ನಾನು. ಎಲ್ಲರೂ ಅವರವರ ಮನೆಯಲ್ಲೇ. ಗಿರಾಕಿ ಫೋನ್ ಮಾಡಿದರೆ ಕ್ಲೌಡು ನಮ್ಮಲ್ಲಿ ಯಾರು ಖಾಲಿ ಇದ್ದಾರೆಂದು ನೋಡಿ ಅವರಿಗೆ ಜೋಡಿಸುತ್ತದೆ. ಒಬ್ಬರು ಬರೆದುಕೊಂಡ ದೂರು ಆಗಿಂದಾಗಲೇ ನಾಲ್ವರ ಕಂಪ್ಯೂಟರಿನಲ್ಲೂ ಕಾಣುತ್ತದೆ. ಆಡಿದ ಮಾತೆಲ್ಲ ರೆಕಾರ್ಡು! ಈ ಸಾಮ್ರಾಜ್ಯಕ್ಕೆ ನಾನೇ ಎರಡು ಶಾಸನ ಬರೆಸಿದೆ. ಗಿರಾಕಿ ತನ್ನ ಬಾಯಿಂದ "ಸಮಾಧಾನ ಆಯಿತು" ಎನ್ನುವವರೆಗೆ ದೂರನ್ನು ಮುಚ್ಚಕೂಡದು. ಒಂದು ಮನೆಯ ಹಳೆಯ ದೂರು ಮುಚ್ಚುವವರೆಗೆ ಆ ಮನೆಯಿಂದ ಹೊಸ ದೂರು ತೆಗೆದುಕೊಳ್ಳಕೂಡದು. ಕಾಯುವ ಗಿರಾಕಿಗಳಿಗೆಂದು ನನ್ನದೇ ಗಂಭೀರ ಧ್ವನಿಯಲ್ಲಿ ಒಂದು ಮಾತನ್ನೂ ಹಾಕಿಸಿದ್ದೆ: "ತಮ್ಮ ಮಾತೇ ನಮಗೆ ಮಾಣಿಕ್ಯ. ದಯವಿಟ್ಟು ಕಾಯಿರಿ."

ನನ್ನ ಹೆಂಡತಿ ವಿಜಯಲಕ್ಷ್ಮಿ ಶಾಲೆಯ ಶಿಕ್ಷಕಿ. ಮಾತಿಗೆ ಮಾತು ಅವಳ ಹುಟ್ಟುಗುಣ. ಕ್ಲೌಡೆಂದರೆ ಮೋಡ ಎಂದು ನಾನು ಪಾಠ ಹೇಳಲು ಹೋದಾಗ ನಕ್ಕುಬಿಟ್ಟಳು.

"ನಮ್ಮ ಕಡೆ ಮೋಡ ನೋಡಿ ಒಣಾ ಹಾಕಿದ್ದ ಬಟ್ಟೀನೂ ಯಾರೂ ಒಳಗ ತರಂಗಿಲ್ಲ. ನೀವು ಆಫೀಸ್ನ ಒಯ್ದು ಅದರಾಗ ಇಟ್ಟೀರಲ್ರೀ!"

"ನಿನಗ ತಿಳಿಯಂಗಿಲ್ಲ ಬಿಡು ವಿಜೂ. ಇನ್ನ ನಾ ಇಡೀ ದಿನ ಮನ್ಯಾಗ ಇರ್ತೇನಿ!"

"ಇರ್ರಿ ಮತ್ತ. ನೋಡೂಣು" ಎಂದಳು.

ನಾನು ಮನೆಯಲ್ಲಿದ್ದೆ ನಿಜ. ಆದರೆ ಮನೆಯವರಿಗೆ ಸಿಗುತ್ತಿರಲಿಲ್ಲ. ಎರಡೂ ಕಿವಿಯ ಮೇಲೆ ಹೆಡ್‌ಫೋನು. ಗಿರಾಕಿಗಳಿಗೆ "ಹೇಳ್ರಿ ಅಕ್ಕಾರ, ಸಾವಕಾಶ ಹೇಳ್ರಿ" ಎನ್ನುವ ಬಾಯಿ, ಮನೆಯಲ್ಲಿ ಮಾತಾಡುತ್ತಿದ್ದುದು ಒಂದೇ ಅಕ್ಷರ: ಹೂಂ.

ಅದೇ ಹೊತ್ತಿಗೆ ವಿಜಯಲಕ್ಷ್ಮಿಗೆ ಬಡ್ತಿ ಬಂತು. ಗೊಳಸಂಗಿಯ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಒಪ್ಪಿದರೆ ವಾರವಿಡೀ ಅಲ್ಲೇ ಬಾಡಿಗೆ ಖೋಲಿ ಹಿಡಿದು ಇರಬೇಕು, ರವಿವಾರಕ್ಕಷ್ಟೇ ಮನೆ. ಒಪ್ಪದಿದ್ದರೆ ಬಂದ ಬಡ್ತಿ ಕೈಬಿಟ್ಟಂತೆ. ಶುಕ್ರವಾರ ವಿಜಯಪುರಕ್ಕೆ ಹೋಗಿ ಹೂಂ ಇಲ್ಲವೇ ಊಹೂಂ ಹೇಳಿ ಬರಬೇಕಿತ್ತು. ಸೋಮವಾರದಿಂದಲೇ ಅವಳು ನನ್ನ ಕುರ್ಚಿಯ ಸುತ್ತ ಸುಳಿಯತೊಡಗಿದಳು.

"ಗೊಳಸಂಗಿಗೆ ಹೋಗ್ಲೇನ್ರಿ?"

"ಹೂಂ."

"ಇಲ್ಲಾ, ಬ್ಯಾಡ ಅಂತ ಬರದು ಕೊಡ್ಲೇನು?"

"ಹೂಂ."

"ನಿಮ್ಮ ಕುರ್ಚಿ ತಗೊಂಡು ಸಂತ್ಯಾಗ ಮಾರ್ಲೇನು?"

"ಹೂಂ, ಹೂಂ. ಒಂದ್ ನಿಮಿಷ, ಗಿರಾಕಿ ಲೈನಿನ್ಯಾಗ ಅದಾರ."

ಆ ಒಂದು ನಿಮಿಷ ಗುರುವಾರ ಸಂಜೆಯಾದರೂ ಮುಗಿದಿರಲಿಲ್ಲ.

ಗುರುವಾರ ಸಂಜೆ ಕಂಪ್ಯೂಟರಿನಲ್ಲಿ ಭೀಮಶ್ಯಾ ಬರೆದುಕೊಂಡ ಹೊಸ ದೂರೊಂದು ಮೂಡಿತು. ಅವನಿಗೆ ಬಗೆಹರಿಯದೆ ನನ್ನ ಸಲಹೆ ಕೇಳಿದ್ದ. "ಮಾಲು ಬಹಳ ಹಳೆಯದು. ಮುಂಜಾನೆಯಿಂದ ಸಂಜೆಯವರೆಗೆ ಸಪ್ಪಳ. ಹಾಕಿದ್ದನ್ನೆಲ್ಲ ತಿನ್ನುತ್ತದೆ, ಹೊರಗೆ ಏನೂ ಬರುವುದಿಲ್ಲ. ಬರೇ ಹೂಂ ಅನ್ನುತ್ತದೆ, ತಿರುಗುವುದಿಲ್ಲ. ನಾಳೆಯೊಳಗೆ ಸರಿಯಾಗಬೇಕು, ಬಹಳ ತುರ್ತು."

ನನಗೆ ರೋಮಾಂಚನವಾಯಿತು! ಹೂಂ ಎಂದು ಸದ್ದು ಮಾಡಿ ತಿರುಗದ ಗಿರಣಿಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲ. ದೂರಿನ ಕೆಳಗೆ ನಸ್ರೀನ, "ಸರ್, ಮೊದಲು ಗಿರಾಕಿಯ ಹೆಸರು ಓದಿ" ಎಂದು ಬರೆದಿದ್ದಳು. ಹೆಸರೇನು ಓದುವುದು, ರೋಗ ಗೊತ್ತಾದ ಮೇಲೆ! ಪಟಪಟನೆ ಔಷಧ ಬರೆದುಬಿಟ್ಟೆ. "ಮೊದಲು ಮೇನ್ ಸ್ವಿಚ್ ಬಂದ್ ಮಾಡಿಸಿ. ಆಮೇಲೆ ಮೇಲಿನ ಮುಚ್ಚಳ ತೆಗೆಸಿ. ಬಳಿಕ ಬೆನ್ನಿನ ಕಡೆ ಎರಡೇಟು ಮೆಲ್ಲಗೆ ತಟ್ಟಲು ಹೇಳಿ. ಆಗಲೂ ತಿರುಗದಿದ್ದರೆ ಅದರ ಆಯುಷ್ಯ ಮುಗಿಯಿತು. ಹಳೆಯದನ್ನು ಕೊಟ್ಟು ಹೊಸದು ಒಯ್ಯಲು ಹೇಳಿ."

ಬರೆದು ಮೀಸೆ ತಿರುವುವಷ್ಟರಲ್ಲಿ ಮನೆಯ ಕರೆಂಟು ಹೋಯಿತು! ಫ್ಯಾನು ನಿಂತಿತು. ವೈಫೈ ಹೋಯಿತು. ನನ್ನ ಮೋಡ ಚದುರಿಯೇ ಹೋಯಿತು. ಪಕ್ಕದ ಮನೆಯ ಟಿವಿ ಮಾತ್ರ ಒದರುತ್ತಲೇ ಇತ್ತು. ಇದೇನು ನಮ್ಮನೆಗಷ್ಟೇ ಎಂದುಕೊಳ್ಳುವಾಗ ಹಿಂದಿನಿಂದ ಯಾರೋ ನನ್ನ ಹೆಡ್‌ಫೋನು ಕಿತ್ತರು. ಬೆನ್ನ ಮೇಲೆ ಎರಡೇಟು ಬಿದ್ದವು. ಮೆಲ್ಲಗೆ ಎಂದು ನಾನು ಬರೆದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿರಲಿಲ್ಲ.

ತಿರುಗಿದೆ. ಹಿಂದೆ ವಿಜಯಲಕ್ಷ್ಮಿ ನಿಂತಿದ್ದಳು. ಕೈಯಲ್ಲಿದ್ದ ಮೊಬೈಲಿನಿಂದ ಭೀಮಶ್ಯಾನ ದನಿ ದೊಡ್ಡದಾಗಿ ಕೇಳುತ್ತಿತ್ತು.

"ಅಕ್ಕಾರ, ತಿರುಗಿತೇನ್ರಿ?"

"ತಿರುಗೇತಿ ತಮ್ಮಾ. ಬಾಯಿ ತಕ್ಕೊಂಡು ನನ್ನ ನೋಡಾಕತ್ತೈತಿ."

"ಹಾಂ? ಗಿರಣಿ ನೋಡಾಕತ್ತೈತೇನ್ರಿ?"

"ವಿಜೂ!" ನಾನು ಚೀರಿದೆ. "ಹಿಂದ ನಿಂತು ಕರದ್ರ ಆಗ್ತಿದ್ದಿಲ್ಲೇನು? ಕಂಪನಿಗೆ ಯಾಕ್ ಫೋನ್ ಮಾಡಿದಿ?"

"ಆ ನಂಬರಿಗೆ ಮಾಡಿದವರ ಮಾತು ಮಾಣಿಕ್ಯ ಅಂತಲ್ಲಾ! ನಿಮ್ಮ ದನೀನ ಹೇಳ್ತು. ಅದಕ್ಕ, ನಂದೂ ಒಮ್ಮೆ ಮಾಣಿಕ್ಯ ಆಗಲಿ ಅಂತ ಮಾಡಿದೆ. ನೀವು ಸಿಗ್ತೀರಿ ಅಂದ್ರ ಮುದ್ದೇಬಿಹಾಳಕ್ಕ ಹೋತು."

ಅವಳು ನಗುತ್ತಿದ್ದಳು. ಆದರೆ ಕಣ್ಣು ನಗುತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ ಅಡುಗೆಮನೆಯಿಂದ ಪಡಸಾಲೆಗೆ ಬರಬೇಕಾದ ಮಾತು ಮುದ್ದೇಬಿಹಾಳ ಸುತ್ತಿ ಬಂದಿತ್ತು. ಬಂದ ಮೇಲೂ ನಾನು ಹೆಸರು ಓದಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಹೇಳಿಕೊಳ್ಳಲು ನೆವವೂ ಉಳಿದಿರಲಿಲ್ಲ, ಕರೆಂಟೇ ಇರಲಿಲ್ಲವಲ್ಲ! ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡು ಕೂತೆ.

"ಹೇಳು."

"ನಾಳಿಗೆ ಏನಂತ ಹೇಳ್ಲಿ?"

"ನೀ ಹೋದ್ರ, ಇಲ್ಲಿ ರೊಟ್ಟಿ..." ಎಂದವನು ಅವಳ ಮುಖ ನೋಡಿ ಅಲ್ಲಿಗೇ ನುಂಗಿಕೊಂಡೆ.

"ರೊಟ್ಟಿ ಬರ್ತೈತಂತ ನನಗ ಗೊತ್ತಿತ್ತು" ಎಂದಳು. "ನಾ ನಿಮ್ಮ ಅಪ್ಪಣಿ ಕೇಳಾಕತ್ತಿಲ್ಲ. ನನಗ ಹೋಗಬೇಕಂತ ಐತಿ. ಇಷ್ಟು ವರ್ಷ ಕಲಿಸೇನಿ, ಒಂದು ಸಾಲಿ ನನ್ನ ಕೈಯಾಗ ಕೊಟ್ರ ಹೆಂಗ ನಡಸ್ತೇನಿ ಅಂತ ನಾನೂ ನೋಡಬೇಕು. ಆದ್ರ ನಾ ಹೋಗೂದು ನಿಮಗ ಗೊತ್ತಾಗಬೇಕು, ಅಷ್ಟ. ನಾ ಹೋಗಿ ವಾರ ಆದ ಮ್ಯಾಲೂ ನೀವು ಇಲ್ಲೇ ಕುಂತು, ವಿಜೂ ಚಾ ತಾ ಅಂತ ಒದರಿದ್ರ, ಯಾರು ಓ ಅನ್ನಬೇಕ್ರಿ?"

ದೂರದೂರದ ಊರುಗಳನ್ನು ಒಂದೇ ಕೋಣೆಯಂತೆ ಮಾಡಿದ್ದೇನೆಂದು ಜಂಬ ಪಟ್ಟವನು ನಾನು. ಒಂದು ಕೋಣೆಯನ್ನು ದೂರದ ಊರು ಮಾಡಿಟ್ಟದ್ದು ಮಾತ್ರ ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ಇಂಡಿಯ ಯಾರದೋ ಗಿರಣಿಯ ಕಲ್ಲು ಸವೆದದ್ದು ನನಗೆ ಗೊತ್ತಿತ್ತು. ನನ್ನ ಹೆಂಡತಿಗೆ ಒಂದು ಶಾಲೆ ನಡೆಸುವ ಆಸೆಯಿದೆ ಎನ್ನುವುದು ಗೊತ್ತಿರಲಿಲ್ಲ.

"ಹೋಗು ವಿಜೂ" ಎಂದೆ. "ಖೋಲಿ ನೋಡಾಕ ನಾನೂ ಬರ್ತೇನಿ. ನೀ ಇಲ್ಲಂದ್ರ ನನಗ ಬ್ಯಾಸರ ಆಗ್ತೈತಿ. ಆದ್ರೂ ಹೋಗು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಮೊಬೈಲು ಕೆಮ್ಮಿತು!

"ಅಕ್ಕಾರ, ಅಂದ್ರ... ಸಮಾಧಾನ ಆತು ಅಂತ ಬರ್ಕೊಳ್ಳೇನ್ರಿ?"

ಭೀಮಶ್ಯಾ ಫೋನ್ ಇಟ್ಟೇ ಇರಲಿಲ್ಲ. ಗಿರಾಕಿಯ ಸಮಾಧಾನವಾಗುವವರೆಗೆ ಇಡಬಾರದು ಎಂದು ಕಲಿಸಿದವನು ನಾನೇ ತಾನೆ! ರೊಟ್ಟಿಯಿಂದ ಹಿಡಿದು ಬೇಸರದವರೆಗೆ ಎಲ್ಲವೂ ರೆಕಾರ್ಡಾಗಿ ಕ್ಲೌಡು ಸೇರಿತ್ತು. ಮರುದಿನ ಬಾಗೇವಾಡಿಯ ಯುವರಾಜ ನನಗೆ "ನಮಸ್ಕಾರ ಸರ್, ಬ್ಯಾಸರ ಹೆಂಗೈತ್ರಿ?" ಎಂದೇ ಮಾತು ಶುರು ಮಾಡಿದ.

"ಬ್ಯಾಡ ತಮ್ಮಾ, ಈಗ ಮುಚ್ಚಬ್ಯಾಡ" ಎಂದಳು ವಿಜಯಲಕ್ಷ್ಮಿ. "ಇವತ್ತ ಒಂದ ಸಲ ತಿರುಗೇತಿ. ಮುಂದೂ ತಿರುಗ್ತೈತೋ ಇಲ್ಲೋ ನೋಡೂಣು. ತೆರದ ಇರಲಿ."

"ಹಂಗಾರ ಹಳೇದು ಕೊಟ್ಟು ಹೊಸಾದು..."

"ಹೊಸಾದು ಬ್ಯಾಡಪಾ. ಇದರ ಸಪ್ಪಳ ರೂಢಿ ಆಗೇತಿ."

ಈಗ ವಿಜಯಲಕ್ಷ್ಮಿ ಗೊಳಸಂಗಿ ಶಾಲೆಯ ದೊಡ್ಡ ಬಾಯಾರು, ಅಂದರೆ ಹೆಡ್ ಮೇಡಂ. ನಾನು ಸಂಜೆಯಾಗುತ್ತಲೇ ಹೆಡ್‌ಫೋನು ಕಳಚಿಟ್ಟು, ದಿನದ ಸುದ್ದಿಯನ್ನೆಲ್ಲ ಒಟ್ಟುಮಾಡಿಕೊಂಡು ಅವಳಿಗೆ ಫೋನ್ ಹಚ್ಚುತ್ತೇನೆ. ರೊಟ್ಟಿ ಅರ್ಧ ಸುಟ್ಟದ್ದು, ಅರ್ಧ ಹಸಿ ಉಳಿದದ್ದು, ತುಳಸಿಗೆ ನೀರು ಹಾಕಿದ್ದು, ಎಲ್ಲವನ್ನೂ ಹೇಳುತ್ತೇನೆ. ಆ ಕಡೆಯಿಂದ ಕಾಗದ ಮಗುಚುವ ಸದ್ದಿನ ನಡುವೆ ಉತ್ತರ ಬರುತ್ತದೆ.

"ಹೂಂ."

"ವಿಜೂ, ಕೇಳಾಕತ್ತಿಯೇನು?"

"ಹೂಂ, ಹೂಂ. ಒಂದ್ ನಿಮಿಷ ತಡೀರಿ, ಮಾಸ್ತರು ಬಂದಾರ."

ಮೊನ್ನೆ ಆ ಒಂದು ನಿಮಿಷ ಮುಗಿಯಲೇ ಇಲ್ಲ. ತಡೆಯಲಾರದೆ ನಮ್ಮ ಕಂಪನಿಯ ನಂಬರಿಗೇ ಫೋನ್ ಮಾಡಿದೆ. ನನ್ನ ಮಾತೇ ನನಗೆ ಮಾಣಿಕ್ಯವೆಂದು ನನ್ನದೇ ದನಿಯಲ್ಲಿ ಕೇಳಿಸಿಕೊಂಡು ಕಾದೆ. ಕೊನೆಗೆ ಮುದ್ದೇಬಿಹಾಳಕ್ಕೆ ಹತ್ತಿತು.

"ಭೀಮಶ್ಯಾ, ಒಂದು ದೂರು ಬರ್ಕೋಪಾ. ಬರೇ ಹೂಂ ಅಂತೈತಿ, ತಿರುಗಂಗಿಲ್ಲ."

ಆ ಕಡೆ ಕೀಲಿಮಣೆಯ ಟಕಟಕ ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಭೀಮಶ್ಯಾ ಬಹಳ ವಿನಯದಿಂದ ಹೇಳಿದ:

"ಆಗಂಗಿಲ್ರಿ ಸರ್. ಆ ಮನೀದು ಹಳೇ ದೂರು ಇನ್ನೂ ತೆರದೈತಿ!"