ಯಂತ್ರ ಜೋಯಿಸನೂ ಅಕ್ಕಿ ಡಬ್ಬಿಯ ಕಾಗದವೂ

ಮೊರದಲ್ಲಿ ಅಕ್ಕಿ ಕೇರುತ್ತಿದ್ದೆ. "ದುರುಗಕ್ಕಾ, ಅಕ್ಕಿ ಆಮೇಲೆ! ಮೊದಲು ಇದನ್ನು ನೋಡು ಬಾ!" ಎಂದು ಪಾತಲಿಂಗಪ್ಪ ಅಂಗಳದಿಂದ ಕೂಗಿದ. ಪಕ್ಕದ ಮನೆಯವನು. ತನ್ನ ಮೈಕ್‌ಸೆಟ್ ಅಂಗಡಿ ಮುಚ್ಚಿದಾಗಿನಿಂದ ನಮ್ಮ ವಠಾರಕ್ಕೆ ಅವನೇ ವಿಜ್ಞಾನಿ.

ಗಾಲಿಯ ಮೇಲೊಂದು ತಗಡಿನ ಪೆಟ್ಟಿಗೆ. ತಲೆಗೆ ಮೈಕಿನ ಕಹಳೆ, ಹೊಟ್ಟೆಯಲ್ಲಿ ಕಂಪ್ಯೂಟರ್, ಪಕ್ಕದಲ್ಲಿ ಗಿಣಿಯ ಕೊಕ್ಕಿನಂಥ ಉದ್ದನೆಯ ಕೈ. ಎದೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ: 'ಯಂತ್ರ ಜೋಯಿಸ'.

"ಜೋಯಿಸ, ಬುಡಬುಡಿಕೆ, ಗಿಣಿಶಾಸ್ತ್ರ, ಕಣಿ, ಎಲ್ಲಾ ಒಂದರಲ್ಲೇ ತುಂಬಿದ್ದೀನಿ ಅಕ್ಕಾ!"

"ಹಾಗಿದ್ದಮೇಲೆ ಬರೀ ಜೋಯಿಸ ಅಂತ ಯಾಕೆ ಬರೆದೆ?"

"ಎಲ್ಲಾ ಒಂದೇ ಅಲ್ವಾ? ನಾಳೆಯದು ಹೇಳೋರು!"

ನನಗೆ ಮೈಯೆಲ್ಲ ಉರಿಯಿತು. "ಒಂದೇ ಹೇಗಾಗ್ತದೆ! ಜೋಯಿಸ ಹುಟ್ಟಿದ ಗಳಿಗೆ ಕೇಳಿ ಪಂಚಾಂಗ ಬಿಡಿಸ್ತಾನೆ. ಬುಡಬುಡಿಕೆಯವನು ಏನೂ ಕೇಳದೆ ಬಾಗಿಲಲ್ಲೇ ನುಡಿದು ಹೋಗ್ತಾನೆ. ಗಿಣಿಯವನು ಚೀಟಿ ಎತ್ತೋದನ್ನ ಗಿಣಿಗೇ ಬಿಡ್ತಾನೆ. ಕಣಿ ಹೇಳೋಳು ಕೈ ಹಿಡಿದು, ಮುಖ ನೋಡಿ, 'ಏನಾಗಬೇಕವ್ವ ನಿನಗೆ?' ಅಂತ ಕೇಳಿ ಆಮೇಲೆ ಬಾಯಿ ಬಿಡ್ತಾಳೆ. ನಮ್ಮವ್ವ ಕಣಿ ಹೇಳಿಯೇ ನಮ್ಮನ್ನು ಸಾಕಿದ್ದು!"

ಇದೇ ಮಾತಿಗೆ ನನಗೂ ತಂಗಿ ಹುಲಿಗೆಮ್ಮನಿಗೂ ಆರು ವರ್ಷದಿಂದ ಮಾತಿಲ್ಲ. ತನ್ನ ಬೀಗರ ಮುಂದೆ ದೊಡ್ಡಸ್ತಿಕೆಗೆ ಅವಳು "ನಮ್ಮದು ಜೋಯಿಸರ ಮನೆ" ಅಂದಳು. ಊಟದ ಪಂಕ್ತಿಯಲ್ಲೇ ನಾನು "ಅಲ್ಲ, ಕಣಿಯವಳ ಮನೆ" ಅಂದುಬಿಟ್ಟೆ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಮೇಲೆ ನಾನು ಬರೆದ ಮೊದಲ ಕಾಗದ ಅವಳಿಗೇ: 'ತಪ್ಪು ನನ್ನದೂ ಇದೆ, ಬಾ.' ಅಂಚೆಚೀಟಿ ಹಚ್ಚಿಯೂ ಅದು ಅಕ್ಕಿ ಡಬ್ಬಿಯ ಕೆಳಗೇ ಉಳಿದಿತ್ತು. ಮೊದಲು ಬಾಗಬೇಕಾದವಳು ಅವಳಲ್ಲವೇ!

ಪಾತಲಿಂಗಪ್ಪ ಗುಂಡಿ ಒತ್ತಿದ. ಅವನ ಹೆಂಡತಿ ತಿಪ್ಪಕ್ಕ ಕೈ ಚಾಚಿದಳು.

"ಹುಟ್ಟಿದ ಗಳಿಗೆ?" ಎಂದಿತು ಯಂತ್ರ. ಅವಳು ಬಾಯಿ ತೆರೆಯುವ ಮೊದಲೇ, "ಶುಭವಾಗ್ತೈತೆ! ಗಂಡು ಮಗು ಆಗ್ತೈತೆ!"

"ಅರವತ್ತರ ಮೇಲೆ ಗಂಡು ಮಗುವಾ!" ತಿಪ್ಪಕ್ಕ ಗಂಡನ ಕಡೆ ತಿರುಗಿದಳು. "ಮೊದಲು ನಿಮ್ಮ ಗ್ರಹಚಾರ ಬಿಡಿಸ್ತೀನಿ, ತಡೀರಿ!"

"ಬುಡಬುಡಿಕೆ ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೇ!" ಅವನು ಅದೇನೋ ತಿರುಪು ತಿರುಗಿಸಿದ. ಯಂತ್ರ ಓಟ ಕಿತ್ತಿತು! ಬಾಗಿಲು ಬಾಗಿಲಿಗೂ ನುಗ್ಗಿ, ಗಿಣಿ ಚೀಟಿ ಎತ್ತುವ ಹಾಗೆ ಸಿಕ್ಕ ಸಿಕ್ಕ ಕಾಗದ ಎತ್ತಿತು. ಕರೆಂಟ್ ಬಿಲ್ ಎತ್ತಿ "ಕಲ್ಯಾಣವಾಗ್ತೈತೆ!" ಎಂದಿತು. ಕಲ್ಯಾಣದ ಕರೆಯೋಲೆ ಎತ್ತಿ "ಏಳೂವರೆ ವರ್ಷ ಶನಿಕಾಟ!" ಎಂದಿತು. ಮದುಮಗಳ ತಾಯಿ ಪೊರಕೆ ಹಿಡಿದು ಬೆನ್ನಟ್ಟಿದಳು.

ಕೊನೆಗೆ ನನ್ನ ಮನೆಗೇ ನುಗ್ಗಿತು. ಡಬ್ಬಿ ಉರುಳಿಸಿ, ಅಕ್ಕಿ ಚೆಲ್ಲಿ, ಹುಲಿಗೆಮ್ಮನಿಗೆ ಬರೆದ ಕಾಗದ ಕಚ್ಚಿಕೊಂಡು ಅಂಗಳಕ್ಕೆ ಬಂದು, ವಠಾರಕ್ಕೆಲ್ಲ ಕೇಳುವಂತೆ ಸಾರಿತು: "ಈ ಕಾಗದ ಎಂದೂ ಹೋಗುವುದಿಲ್ಲ!"

"ನನ್ನನ್ನು ಕೇಳಿದೆಯಾ?" ನಾನು ಅದರೆದುರು ನಿಂತೆ. "ಕೈ ಹಿಡಿದೆಯಾ? ಮುಖ ನೋಡಿದೆಯಾ?"

"ಅಕ್ಕಾ, ಅದು ಯಂತ್ರ..."

"ನೀನು ಸುಮ್ಮನಿರಪ್ಪ! ಹೋಗುವುದಿಲ್ಲವಂತೆ!"

ಕಾಗದ ಕಿತ್ತುಕೊಂಡೆ. ಒಂದು ಮೂಲೆ ಕೊಕ್ಕಿನಲ್ಲೇ ಉಳಿಯಿತು. ನೆಟ್ಟಗೆ ಬೀದಿಯ ಅಂಚೆಪೆಟ್ಟಿಗೆಗೆ ನಡೆದು ಒಳಗೆ ಹಾಕಿದೆ. ಹಿಂದೆಯೇ ಓಡಿಬಂದ ಯಂತ್ರ ಅದೇ ಅಂಚೆಪೆಟ್ಟಿಗೆಯ ಬಾಯಿಗೆ ಕೊಕ್ಕು ತೂರಿಸಿ ಸಿಕ್ಕಿಕೊಂಡಿತು! ಪಾತಲಿಂಗಪ್ಪ ಎಷ್ಟು ಎಳೆದರೂ ಬರಲಿಲ್ಲ.

ಅಷ್ಟರಲ್ಲಿ ಪೋಸ್ಟ್‌ಮನ್ ಬಂದ. ಕೆಳಗಿನ ಬಾಗಿಲು ತೆಗೆದು, ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿ ಸೈಕಲ್ ಹತ್ತಿದ. ಅವನು ತಿರುವು ದಾಟಿದರೂ ಯಂತ್ರ ಕೂಗುತ್ತಲೇ ಇತ್ತು: "ಎಂದೂ ಹೋಗುವುದಿಲ್ಲ!"

ನಮ್ಮವ್ವನಾಗಿದ್ದರೆ, ಇಷ್ಟು ಹೊತ್ತಿಗೆ ನನ್ನ ಮುಖ ನೋಡಿ ಮಾತು ಬದಲಿಸಿರುತ್ತಿದ್ದಳು.