ಗೇಟಿನ ಬುಡದಲ್ಲಿ ಕೂತ ಕಬ್ಬಿಣದ ಹೂಕೋಸು

ನಲ್ಲಿಯಲ್ಲಿ ನೀರು ಬರುವ ದಿನ ನಾನು ಸೂರ್ಯನಿಗಿಂತ ಮುಂಚೆ ಏಳುತ್ತೇನೆ. ಇದು ಶಿಸ್ತಲ್ಲ, ಬಳ್ಳಾರಿಯಲ್ಲಿ ಸಂಸಾರ ಮಾಡುವವರ ಹಣೆಬರಹ. ಅಂದೂ ಎದ್ದು, ಮೋಟರು ಹಾಕಿ, ಡ್ರಮ್ಮು ತುಂಬುವಷ್ಟರಲ್ಲಿ ಹಾಲು ಕಾಯಲಿಟ್ಟು, ಅಂಗಳಕ್ಕೆ ನೀರು ಚಿಮುಕಿಸಲು ಹೋದರೆ ಗೇಟಿನ ಬುಡದಲ್ಲಿ ಯಾವುದೋ ಕಬ್ಬಿಣದ ವಸ್ತು ಕೂತಿತ್ತು. ಬಿದ್ದಿತ್ತು ಎನ್ನಲಾರೆ, ಕರೆದು ಕೂರಿಸಿದ ಹಾಗೆ ಕೂತಿತ್ತು. ಗಿಡ್ಡ ದಂಟು, ಅದರ ಮೇಲೆ ಓರೆಯಾಗಿ ಹಲ್ಲು ಕಿಸಿದ ದಪ್ಪ ತಲೆ. ಥೇಟ್ ಕಬ್ಬಿಣದ ಹೂಕೋಸು. ನೆತ್ತಿಯ ಮೇಲೆ ಅರಿಶಿನ, ಕುಂಕುಮ. ಹಿಂದಿನ ದಿನ ಅಮಾವಾಸ್ಯೆ.

ನಾನು ಮಾಟಗೀಟ ನಂಬುವವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಹತ್ತು ವರ್ಷ ಓದಿದವಳು. ಹೆದರಿಕೆಯಾದರೆ ನೂರರಿಂದ ಹಿಂದಕ್ಕೆ ಎಣಿಸಬೇಕೆಂದು ಕಲಿತವಳು. ಎಣಿಸಿದೆ. ತೊಂಬತ್ಮೂರಕ್ಕೆ ಬರುವಷ್ಟರಲ್ಲಿ ಪಕ್ಕದ ಮನೆಯ ಗಂಗಮ್ಮನ ಮುಖ ಕಣ್ಣ ಮುಂದೆ ಬಂತು.

ಗಂಗಮ್ಮ ತೆಕ್ಕಲಕೋಟೆ ಕಡೆಯವಳು. ಸಿರುಗುಪ್ಪ ತಾಲೂಕಿನಲ್ಲಿ ಅವರ ಭತ್ತದ ಗದ್ದೆ, ಇಲ್ಲಿ ಮನೆ, ಎರಡರ ನಡುವೆ ಟ್ರ್ಯಾಕ್ಟರು. ಇಡೀ ಓಣಿಯಲ್ಲಿ ನನಗಿರುವ ಗೆಳತಿ ಅವಳೊಬ್ಬಳೇ. ನಮ್ಮ ನಡುವಿನ ಕಾಂಪೌಂಡ್ ಗೋಡೆಯಲ್ಲಿ ಒಂದು ಬಟ್ಟಲು ದಾಟುವಷ್ಟು ಕಿಂಡಿಯಿದೆ. ಕರಿಬೇವು, ಪಲ್ಯ, ಓಣಿಯ ಸುದ್ದಿ ಎಲ್ಲ ಅದರಲ್ಲೇ ಹಾಯುತ್ತವೆ. ಹೋದ ವಾರ ಮಾತ್ರ, ಅವರ ಟ್ರ್ಯಾಕ್ಟರು ನನ್ನ ರಂಗೋಲಿಯ ಮೇಲೆ ನಿಲ್ಲುತ್ತದೆಂದು ಮೆಲ್ಲಗೆ ದೂರಿದ್ದೆ. "ಆತು ಬಿಡ್ರಿ ಯಕ್ಕಾ, ಅದರಾಗೇನೈತಿ" ಎಂದು ನಕ್ಕಿದ್ದಳು. ಅಷ್ಟು ಸಲೀಸಾಗಿ ಯಾರಾದರೂ ಒಪ್ಪುತ್ತಾರೆಯೇ? ಆ ನಗುವಿನ ಅರ್ಥ ನನಗೆ ಈಗ ಹೊಳೆಯಿತು.

ಎಂಟು ಗಂಟೆಗೆ ಕಿಂಡಿಯಲ್ಲಿ ಬಳೆ ಸದ್ದಾಯಿತು. "ಯಕ್ಕಾ, ಉಗ್ಗಾಣಿ ಮಾಡೀನಿ. ಬಿಸಿ ಐತಿ, ತಗೋರಿ." ಬಟ್ಟಲಿನಲ್ಲಿ ಮಂಡಕ್ಕಿ ಒಗ್ಗರಣೆಯ ಪಕ್ಕ ಎಂದಿಗಿಂತ ಒಂದು ಮಿರ್ಚಿ ಭಜಿ ಹೆಚ್ಚಿತ್ತು. ಅದನ್ನೂ ಗಮನಿಸಿದೆ. ತಿನ್ನಲು ಧೈರ್ಯವಿಲ್ಲ, ಚೆಲ್ಲಲು ಮನಸ್ಸಿಲ್ಲ. ಗಂಡನಿಗೆ ಬಡಿಸಿದೆ. ಅವರು ಕುರುಗೋಡಿನಲ್ಲಿ ಮೇಷ್ಟರು, ಮೂರೂ ಮಿರ್ಚಿ ಮುಗಿಸಿ "ಇನ್ನೂ ಐತೇನು?" ಎಂದರು. ಬಸ್ಸಿಗೆ ಹೊರಡುವವರೆಗೂ ನಾನು ಅವರ ಮುಖದಿಂದ ಕಣ್ಣು ಕೀಳಲಿಲ್ಲ.

"ಯಾಕ ಹಂಗ ನೋಡ್ತಿ?"

"ಹೊಟ್ಟಿಗಿಟ್ಟಿ ನೋಯ್ತದೇನ್ರಿ?"

"ಇಲ್ಲ. ನೀ ಹಿಂಗ ನೋಡ್ಕೊಂತ ಕುಂತ್ರ ನೋಯಬಹುದು."

ಅವರು ಹೋದ ಮೇಲೆ ಗಾರೆ ಕೆಲಸದ ಗೌಂಡಿಗೆ ಫೋನು ಮಾಡಿ, ಸಂಜೆ ಬಂದು ಆ ಕಿಂಡಿಯನ್ನು ಮುಚ್ಚಿಬಿಡು ಎಂದೆ. ಹನ್ನೆರಡು ವರ್ಷದ ಗೆಳೆತನಕ್ಕೆ ಎರಡು ಇಟ್ಟಿಗೆ ಸಾಕೆಂದು ಹೇಳುವುದು ಸುಲಭವಲ್ಲ, ನಿಜ. ಆದರೂ ಹೇಳಿದೆ.

ಆಮೇಲೆ ಬರಿಗೈಯಲ್ಲಿ ಮುಟ್ಟಬಾರದೆಂದು ಇಕ್ಕಳದಿಂದ ಆ ವಸ್ತುವನ್ನು ಎತ್ತಲು ಹೋದೆ. ಇಕ್ಕಳವೇ ಬಾಗಿತು. ಕೊನೆಗೆ ಹಳೆಯ ಟವೆಲ್ ಸುತ್ತಿ, ಅಕ್ಕಿಚೀಲದಲ್ಲಿ ಹಾಕಿ, ಆಟೋ ಹತ್ತಿ ಕೌಲ್ ಬಜಾರಿಗೆ ಹೋದೆ. ಹಳೆ ಟ್ರ್ಯಾಕ್ಟರ್ ರಿಪೇರಿ ಮಾಡುವ ಮುದುಕ ಮೇಸ್ತ್ರಿಯೊಬ್ಬ ಅದರ ಹಲ್ಲುಗಳನ್ನು ದಂತವೈದ್ಯನಂತೆ ಒಂದೊಂದಾಗಿ ಸವರಿ ನೋಡಿದ.

"ಇದು ಟೇಲ್ ಪಿನಿಯನ್ ಅಮ್ಮಾ. ಇಂಜಿನ್ ಜೋರು ಹಿಂದಿನ ಗಾಲಿಗೆ ಮುಟ್ಟಿಸೋದು ಇದೇ. ಬಾಳ ಹಳೇ ಗಾಡೀದು. ಗದ್ದಿ ಕೆಸರಾಗ ಎಳದು ಎಳದು ಹಲ್ಲು ಸವದಾವ ನೋಡ್ರಿ. ಸಿರುಗುಪ್ಪ ಕಡೀದು ಇರಬೇಕು."

ಸಿರುಗುಪ್ಪ! ಇನ್ನೇನು ಪುರಾವೆ ಬೇಕು? "ಇದನ್ನ ಯಾರ್ದಾದ್ರೂ ಮನೀ ಮುಂದ ಇಟ್ರ ಏನಾಗ್ತೈತ್ರಿ?" ಎಂದು ದನಿ ತಗ್ಗಿಸಿ ಕೇಳಿದೆ.

ಅವನು ನನ್ನನ್ನೂ ಚೀಲವನ್ನೂ ನೋಡಿದ. "ಎಡವಿದ್ರ ಬೆರಳು ಮುರೀತೈತಿ."

ಮನೆಗೆ ಬಂದು ಅದನ್ನು ಇದ್ದ ಜಾಗದಲ್ಲೇ ಇಟ್ಟೆ. ಕುಂಕುಮವೆಲ್ಲ ಟವೆಲ್ಲಿಗೆ ಹತ್ತಿಹೋಗಿತ್ತು. ನಾನು ಮುಟ್ಟಿದ್ದು ಗೊತ್ತಾಗಬಾರದೆಂದು ನಮ್ಮ ದೇವರ ಮನೆಯ ಬಟ್ಟಲಿನಿಂದಲೇ ಚೂರು ತಂದು ಹಚ್ಚಿದೆ. ಮಾಟಕ್ಕೆ ನಾನೇ ಮರುಪೂಜೆ ಮಾಡಿದಂತಾಯಿತು.

ಸಂಜೆ ಗೌಂಡಿ ಇಟ್ಟಿಗೆ ಸಮೇತ ಬಂದು ಕಿಂಡಿಗೆ ಟೇಪು ಹಿಡಿಯುತ್ತಿದ್ದಾಗ ಗೋಡೆಯಾಚೆಯಿಂದ ಗಂಗಮ್ಮ ಇಣುಕಿದಳು. "ಯಕ್ಕಾ, ನಮ್ಮ ಪಿನಿಯನ್ ಇನ್ನೂ ಅಲ್ಲೇ ಐತೇನು? ನಸಿಕಿನ್ಯಾಗ ಗಾಳಿಗೆ ನಿಮ್ಮ ಗೇಟು ಬಡಕೊಳ್ಳಾಕತ್ತಿತ್ತು. ನಿಮಗ ನಿದ್ದಿ ಕೆಡ್ತೈತಂತ ಕೈಗೆ ಸಿಕ್ಕಿದ್ದು ಒತ್ತಿ ಇಟ್ಟು ಹೋದೆ. ನಮ್ಮ ಮಾವನ ಕಾಲದ ಗಾಡೀದು ಅದು. ಅನ್ನ ಕೊಟ್ಟಿದ್ದನ್ನ ಗುಜರಿಗೆ ಹಾಕಾಕ ಮನಸಾಗಂಗಿಲ್ಲ, ಅಮಾಸಿಗೊಮ್ಮೆ ಅದಕ್ಕೂ ಕುಂಕುಮ ಹಚ್ತೀವಿ."

ಆಗಲೇ ಗೌಂಡಿ ಬಾಯಿ ತೆರೆದ. "ಅಮ್ಮಾರ, ಇದನ್ನ ಮುಚ್ಚಾಕ..."

"ದೊಡ್ಡದು ಮಾಡಾಕಪ್ಪ!" ಎಂದು ಕೂಗಿಯೇಬಿಟ್ಟೆ. ಅವನು ತಾನು ಹೊತ್ತು ತಂದ ಇಟ್ಟಿಗೆಗಳನ್ನೂ ನನ್ನನ್ನೂ ನೋಡುತ್ತ ನಿಂತ.

"ಚಲೋ ಆತು, ಇನ್ನ ದೊಡ್ಡ ಪಾತ್ರಿನೇ ಹಿಡೀತೈತಿ" ಎಂದು ಗಂಗಮ್ಮ ಹಿಗ್ಗಿದಳು. ಆಮೇಲೆ ತಂತಿಯ ಮೇಲಿನ ಬಟ್ಟೆ ತೆಗೆಯುತ್ತ, ಯಾವುದೋ ಮಾತಿಗೆಂಬಂತೆ ಹೇಳಿದಳು: "ನಿಮ್ಮಂಥ ತಿಳಿದೋರು ಬಾಜೂಕ ಇರೋದು ನಮ್ಮ ಪುಣ್ಯ ಬಿಡ್ರಿ ಯಕ್ಕಾ. ಬ್ಯಾರೇದೋರ ಗೇಟಿಗೆ ಇಟ್ಟಿದ್ರ, ಮಾಟ ಮಾಡ್ಯಾರಂತ ಅದನ್ನ ಚೀಲದಾಗ ಹಾಕ್ಕೊಂಡು ಊರೆಲ್ಲ ತಿರುಗತಿದ್ರು."